ಚೀಟಿಯಲ್ಲಿ ಹೆಸರಿಲ್ಲ: ಕಷ್ಟಕಾಲದ ಪುರಸಭೆ

(ಬಸವನಗುಡಿಯ ಸಭಾಂಗಣವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಅಂದು ಮಾತಿನ ಓಟದಲ್ಲಿ ಬಿಟ್ಟುಹೋಗಿದ್ದ ಕೆಲವು ಅಂಕಿಗಳನ್ನು ಇಲ್ಲಿ ಸೇರಿಸಿದ್ದೇನೆ. ಪ್ರಶ್ನೋತ್ತರದಲ್ಲಿ ಎರಡನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನನ್ನನ್ನು ಕರೆದವರು ‘ಸ್ಥಳೀಯ ಸಂಸ್ಥೆಗಳ ಸಬಲೀಕರಣ’ ಎಂಬ ವಿಷಯ ಕೊಟ್ಟಿದ್ದರು. ಆ ಹೆಸರಿನಲ್ಲಿ ಎಷ್ಟು ಕಾರ್ಯಾಗಾರಗಳು ನಡೆದಿವೆಯೋ, ಎಷ್ಟು ಊಟದ ಬಿಲ್ಲುಗಳು ಪಾಸಾಗಿವೆಯೋ ದೇವರೇ ಬಲ್ಲ. ಅದನ್ನು ಪಕ್ಕಕ್ಕಿಟ್ಟು, ಬೆಂಗಳೂರಿನ ಆಸುಪಾಸಿನ ಪುರಸಭೆಗಳ ಕಂದಾಯ ಶಾಖೆಯಲ್ಲಿ ಮೂರು ದಶಕ ಕುಳಿತು ಎದ್ದವನಾಗಿ ನನಗೆ ಗೊತ್ತಿರುವ ಒಂದು ಸಂಗತಿಯನ್ನು ಹೇಳುತ್ತೇನೆ. ಊರಿಗೆ ಕಷ್ಟ ಬಂದಾಗ ನೆರವು ಯಾರ ಕೈಗೆ ತಲುಪುತ್ತದೆ, ಯಾರ ಕೈ ತಪ್ಪುತ್ತದೆ ಎಂಬುದು ಆ ಕಷ್ಟದ ದಿನಗಳಲ್ಲಿ ತೀರ್ಮಾನವಾಗುವುದಿಲ್ಲ. ಎಲ್ಲವೂ ಸುಗಮವಾಗಿದ್ದ ವರ್ಷಗಳಲ್ಲಿ ಯಾರ ಹೆಸರನ್ನು ವಹಿಯಲ್ಲಿ ಬರೆದುಕೊಂಡೆವು, ಯಾರ ಹೆಸರು ಬರೆಯದೆ ದುಡ್ಡು ಮಾತ್ರ ತೆಗೆದುಕೊಂಡೆವು ಎಂಬಲ್ಲೇ ಅದು ತೀರ್ಮಾನವಾಗಿ ಹೋಗಿರುತ್ತದೆ.

ಪರವಾನಗಿ ಕೊಡುವ ಕೆಲಸ ಬೇರೆ, ನೆರವು ಕೊಡುವ ಕೆಲಸ ಬೇರೆ ಎಂದು ಹೊರಗಿನಿಂದ ನೋಡುವವರಿಗೆ ಅನ್ನಿಸುತ್ತದೆ. ಮಹಾನಗರ ಪಾಲಿಕೆಯಲ್ಲಿ ಹಾಗೆಯೇ ಇರಬಹುದು, ಅಲ್ಲಿ ಮಹಡಿಗೊಂದು ಇಲಾಖೆ. ನಮ್ಮ ಕಾನೂನಿನಲ್ಲಿ ಹತ್ತರಿಂದ ಇಪ್ಪತ್ತು ಸಾವಿರ ಜನಸಂಖ್ಯೆಯ ಊರಿಗೆ ಪಟ್ಟಣ ಪಂಚಾಯಿತಿ, ಐವತ್ತು ಸಾವಿರದವರೆಗೆ ಪುರಸಭೆ, ಮೂರು ಲಕ್ಷದವರೆಗೆ ನಗರಸಭೆ. ಕೆಳಗಿನ ಎರಡು ಹಂತಗಳಲ್ಲಿ ಮುಖ್ಯಾಧಿಕಾರಿ ಒಬ್ಬರು, ಕಂದಾಯ ನಿರೀಕ್ಷಕ ಒಬ್ಬ, ಆರೋಗ್ಯ ನಿರೀಕ್ಷಕ ಒಬ್ಬ (ಅನೇಕ ವೇಳೆ ಪಕ್ಕದ ಊರಿನ ಪ್ರಭಾರವೂ ಅವನ ತಲೆಯ ಮೇಲೆ), ನಾಲ್ಕಾರು ಕರ ವಸೂಲಿಗಾರರು. ಅಂಗಡಿಯ ಉದ್ದಿಮೆ ಪರವಾನಗಿಗೆ ಷರಾ ಬರೆಯುವವನೇ ನೆರವಿನ ಪಟ್ಟಿಯನ್ನೂ ತಯಾರು ಮಾಡುತ್ತಾನೆ. ಮೇಜು ಒಂದೇ, ಬೀರು ಒಂದೇ, ಆ ಬೀರುವಿನಲ್ಲಿರುವ ವಹಿಯೂ ಒಂದೇ.

ಬೆಂಗಳೂರಿನಲ್ಲಿ ನಿಂತು ಸಣ್ಣ ಊರಿನ ಮಾತೇಕೆ ಎಂದು ಕೇಳಬಹುದು. ಇದೂ ಸಣ್ಣ ಊರೇ ಆಗಿತ್ತು. 1862ರಲ್ಲಿ ಇಲ್ಲಿ ಪೇಟೆಗೊಂದು, ದಂಡಿಗೊಂದು (ಅಂದರೆ ಬ್ರಿಟಿಷ್ ಸೇನೆಯ ಕಂಟೋನ್ಮೆಂಟಿಗೆ) ಎಂದು ಎರಡು ಪುರಸಭೆಗಳು ಹುಟ್ಟಿದವು. 1901ರ ಗಣತಿಯಲ್ಲಿ ಪೇಟೆಯ ಕಡೆ 69,447 ಜನ, ದಂಡಿನ ಕಡೆ 89,599. ಎರಡೂ ಸೇರಿ ಇಂದಿನ ಕಾನೂನಿನ ಅಳತೆಗೆ ಒಂದು ನಗರಸಭೆ, ಅಷ್ಟೇ. ಅದಕ್ಕಿಂತ ಹತ್ತು ವರ್ಷ ಮೊದಲು, 1891ರಲ್ಲಿ, ಎರಡೂ ಸೇರಿ 1,80,366 ಇದ್ದರು. ಹತ್ತು ವರ್ಷದಲ್ಲಿ ಊರು ಬೆಳೆಯುವ ಬದಲು ಇಪ್ಪತ್ತು ಸಾವಿರಕ್ಕೂ ಹೆಚ್ಚು ಕುಗ್ಗಿತು. ನಡುವೆ ಬಂದದ್ದು ಪ್ಲೇಗು.

ಅದಕ್ಕೂ ಮುಂಚೆ ಧಾತು, ಈಶ್ವರ ಸಂವತ್ಸರಗಳ ಬರ ಬಂದಿತ್ತು. ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ 50,55,412 ಜನರಿದ್ದರು, 1881ರಲ್ಲಿ 41,86,188. ಈ ಎರಡು ಸಂಖ್ಯೆಗಳನ್ನು ಒಂದರ ಕೆಳಗೊಂದು ಬರೆದು ಕಳೆದು ನೋಡಿದರೆ ಬೇರೆ ವಿವರಣೆ ಬೇಕಾಗುವುದಿಲ್ಲ. ಹಳ್ಳಿಗಳಿಂದ ಜನ ಬೆಂಗಳೂರಿಗೆ ಗಂಜಿಗಾಗಿ ನಡೆದು ಬಂದರು. ಮೈಸೂರಿನ ಕಡೆಯ ರೈಲು ಮಾರ್ಗದ ಮಣ್ಣಿನ ಕೆಲಸ ಬರ ಪರಿಹಾರದ ಕಾಮಗಾರಿಯಾಗಿ ಶುರುವಾಯಿತು, 1882ರಲ್ಲಿ ಆ ಮಾರ್ಗ ಮೈಸೂರು ಮುಟ್ಟಿತು. ಆಗಿನ್ನೂ ಎಳೆಯದಾಗಿದ್ದ ಪುರಸಭೆಗೆ ಇಂಥ ಹೊರೆ ಹೊರುವ ತ್ರಾಣ ಎಲ್ಲಿಂದ ಬರಬೇಕು? ಬರದ ವಿಚಾರ ಇಲ್ಲಿಗೆ ನಿಲ್ಲಿಸುತ್ತೇನೆ, ಅದನ್ನು ಅರ್ಧ ಗಂಟೆಯಲ್ಲಿ ಹೇಳಲಾಗದು.

ಪ್ಲೇಗಿನ ಕಥೆ ಮಾತ್ರ ನಮ್ಮ ವಿಷಯಕ್ಕೆ ತೀರ ಹತ್ತಿರದ್ದು. 1898ರ ಆಗಸ್ಟ್‌ನಲ್ಲಿ ಅದು ಬೆಂಗಳೂರಿಗೆ ಕಾಲಿಟ್ಟಿತು, ರೈಲು ಹಳಿಯ ಗುಂಟ ಬಂತು ಎನ್ನುತ್ತಾರೆ. ವಿ. ಪಿ. ಮಾಧವರಾಯರು ಪ್ಲೇಗ್ ಕಮಿಷನರ್ ಆದರು. ರೈಲಿನಿಂದ ಇಳಿದವರನ್ನು ತಪಾಸಣೆ ಮಾಡುವುದು, ಸೋಂಕಿನ ಮನೆಯವರನ್ನು ಊರ ಹೊರಗಿನ ಶಿಬಿರಕ್ಕೆ ಕಳಿಸುವುದು, ಮನೆಯ ಹೆಂಚು ತೆಗೆಸಿ ಬಿಸಿಲು ಬೀಳಿಸುವುದು, ತೀರ ಕೆಟ್ಟ ಮನೆಗಳನ್ನು ಕೆಡವುವುದು. ದಕ್ಷಿಣ ಭಾರತದಲ್ಲಿ ‘ಪ್ಲೇಗ್ ಪಾಸ್‌ಪೋರ್ಟ್’ ಎಂಬ ಚೀಟಿಯೇ ಚಾಲ್ತಿಗೆ ಬಂದಿತ್ತು. ಎಲ್ಲಿಂದ ಬಂದೆ, ಎಲ್ಲಿ ಇಳಿದುಕೊಂಡಿದ್ದೀಯೆ ಎಂದು ಬರೆಸಿ, ಇಷ್ಟು ದಿನ ಅಧಿಕಾರಿಯ ಮುಂದೆ ಹಾಜರಾಗಬೇಕು. ಊರಿನಲ್ಲಿ ಬದುಕುವುದಕ್ಕೇ ಅಪ್ಪಣೆ ಬೇಕಾದ ಕಾಲ.

ಈಗ ನಾವು ಕುಳಿತಿರುವ ಬಸವನಗುಡಿ, ಅತ್ತ ಮಲ್ಲೇಶ್ವರ, ಎರಡೂ 1890ರ ದಶಕದಲ್ಲಿ ಯೋಜನೆಯಾಗಿ, ಪ್ಲೇಗಿನ ಹೆದರಿಕೆಯಿಂದ ತುಂಬಿಕೊಂಡ ಬಡಾವಣೆಗಳು. ದಂಡಿನ ಕಡೆ ಫ್ರೇಜರ್ ಟೌನ್ ಕೂಡ ಅದೇ ಹೆದರಿಕೆಯ ಮುಂದಿನ ಕೂಸು. ಅಗಲವಾದ ಬೀದಿ, ಮನೆಯ ಹಿಂದೆ ಓಣಿ, ಗಾಳಿ ಬೆಳಕು, ಎಲ್ಲವೂ ಒಳ್ಳೆಯದೇ. ಆದರೆ ನಿವೇಶನ ಪಡೆಯಲು, ನಕ್ಷೆಯ ಪ್ರಕಾರ ಮನೆ ಕಟ್ಟಲು ಕಾಸು ಬೇಕು, ಹೆಸರು ಬೇಕು, ವಿಳಾಸ ಬೇಕು. ಪೇಟೆಯ ಇಕ್ಕಟ್ಟಿನ ಗಲ್ಲಿಗಳಲ್ಲಿ ಒಂದು ಕೋಣೆಗೆ ಬಾಡಿಗೆ ಕೊಟ್ಟುಕೊಂಡಿದ್ದ ಕೂಲಿಯವನಿಗೆ ಈ ಮೂರರಲ್ಲಿ ಯಾವುದೂ ಇರಲಿಲ್ಲ. ಪ್ಲೇಗಮ್ಮನ ಗುಡಿಗಳು ನಮ್ಮ ಊರಿನಲ್ಲಿ ಇಂದಿಗೂ ಇವೆ. ಆ ಗುಡಿಗಳನ್ನು ಮೂಢನಂಬಿಕೆ ಎಂದು ತಳ್ಳಿಹಾಕುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ಸರ್ಕಾರದ ವಹಿಯಲ್ಲಿ ಹೆಸರಿಲ್ಲದವರು ಅರ್ಜಿಯನ್ನು ಮತ್ತೆಲ್ಲಿ ಸಲ್ಲಿಸಬೇಕಿತ್ತು?

ಬ್ರಿಟಿಷರು ಪ್ಲೇಗಿಗಾಗಿಯೇ 1897ರಲ್ಲಿ ತಂದ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನು ಕರ್ನಾಟಕ ಸರ್ಕಾರ 2020ರ ಮಾರ್ಚ್‌ನಲ್ಲಿ ಮತ್ತೆ ಕೈಗೆತ್ತಿಕೊಂಡಿತು. ಅಲ್ಲಿಗೇ ಹೋಗೋಣ.

ಮಾರ್ಚ್ 24ರ ರಾತ್ರಿ ದೇಶವೇ ಮುಚ್ಚಿತು. ಪತ್ರಿಕೆಗಳು ಅಷ್ಟಾಗಿ ಗಮನಿಸದ ಒಂದು ಸಣ್ಣ ಸಂಗತಿ ಇದೆ. ಪುರಸಭೆಯ ಉದ್ದಿಮೆ ಪರವಾನಗಿ ಹಣಕಾಸು ವರ್ಷಕ್ಕೆ ಕೊಡುವಂಥದ್ದು, ಮಾರ್ಚ್ 31ಕ್ಕೆ ಅವಧಿ ಮುಗಿಯುತ್ತದೆ. ಅಂದರೆ ಬಾಗಿಲು ಹಾಕಿದ ಒಂದೇ ವಾರಕ್ಕೆ ಸಾವಿರಾರು ಸಣ್ಣ ಅಂಗಡಿಗಳ ಕಾಗದ ಸತ್ತುಹೋಯಿತು. ಮಾರ್ಚ್ ಕೊನೆಯ ವಾರ ನಮ್ಮಲ್ಲಿ ವರ್ಷಕ್ಕೊಮ್ಮೆ ಬರುವ ಜಾತ್ರೆ. ತೆರಿಗೆ ಬಾಕಿ, ನೀರಿನ ಬಾಕಿ, ಪರವಾನಗಿ ನವೀಕರಣ ಎಲ್ಲ ಒಟ್ಟಿಗೆ ಬಂದು ಬೀಳುತ್ತವೆ, ರಾತ್ರಿ ಒಂಬತ್ತರವರೆಗೂ ಚಲನ್ ಬರೆದು ಬೆರಳು ನೋಯುತ್ತದೆ. ಆ ವರ್ಷ ಕೌಂಟರ್ ಮುಂದೆ ನಾಯಿಯೂ ಇರಲಿಲ್ಲ.

ಅಂಗಡಿ ಇರುವವರ ಪಾಡು ಹೀಗಾದರೆ, ಅಂಗಡಿಯೇ ಇಲ್ಲದವರದು? ನಮ್ಮ ಕಡೆಯ ಊರುಗಳಲ್ಲಿ ಸಂತೆ ಮತ್ತು ಬೀದಿಬದಿಯ ವ್ಯಾಪಾರದಿಂದ ನೆಲವಳಿ ಸುಂಕ ಎತ್ತುವ ಹಕ್ಕನ್ನು ವರ್ಷಕ್ಕೊಮ್ಮೆ ಹರಾಜು ಹಾಕುತ್ತಾರೆ. ಹರಾಜು ಹಿಡಿದವನು ಮೊತ್ತವನ್ನು ಪುರಸಭೆಗೆ ಕಟ್ಟಿ, ದಿನಾ ಬೆಳಿಗ್ಗೆ ಚೀಟಿ ಪುಸ್ತಕ ಹಿಡಿದು ಹೊರಡುತ್ತಾನೆ. ಬುಟ್ಟಿಗಿಷ್ಟು, ತಳ್ಳುಗಾಡಿಗಿಷ್ಟು. ಪುರಸಭೆಗೆ ಇದು ತಲೆನೋವಿಲ್ಲದ ಆದಾಯ.

2020ರ ಜೂನ್ 1ರಂದು ಕೇಂದ್ರ ಸರ್ಕಾರ ಬೀದಿಬದಿ ವ್ಯಾಪಾರಿಗಳಿಗಾಗಿ ಪಿಎಂ ಸ್ವನಿಧಿ ಯೋಜನೆಯನ್ನು ತಂದಿತು. ಮೊದಲ ಕಂತಿನಲ್ಲಿ 10,000 ರೂಪಾಯಿ ಸಾಲ, ಸರಿಯಾಗಿ ಕಟ್ಟಿದರೆ ಬಡ್ಡಿಯಲ್ಲಿ ಶೇಕಡಾ 7ರಷ್ಟು ಸಹಾಯಧನ. ಷರತ್ತು ಏನೆಂದರೆ, 2020ರ ಮಾರ್ಚ್ 24ರಂದು ಅಥವಾ ಅದಕ್ಕೂ ಮೊದಲು ವ್ಯಾಪಾರ ಮಾಡುತ್ತಿದ್ದವರಾಗಿರಬೇಕು, ಸ್ಥಳೀಯ ಸಂಸ್ಥೆ ಕೊಟ್ಟ ಮಾರಾಟ ಪ್ರಮಾಣಪತ್ರ ಅಥವಾ ಗುರುತಿನ ಚೀಟಿ ಇರಬೇಕು. ಆ ಪ್ರಮಾಣಪತ್ರ 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯಿಂದ ಬಂದದ್ದು. ಪಟ್ಟಣ ಮಾರಾಟ ಸಮಿತಿ ರಚಿಸಬೇಕು, ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ಮಾಡಬೇಕು, ಸಮೀಕ್ಷೆಯಲ್ಲಿ ಸಿಕ್ಕವರಿಗೆ ಪ್ರಮಾಣಪತ್ರ ಕೊಡಬೇಕು, ಅದೆಲ್ಲ ಮುಗಿಯುವವರೆಗೆ ಯಾರನ್ನೂ ಎಬ್ಬಿಸಬಾರದು. ಕಾಯ್ದೆ ಬಹಳ ಚೆನ್ನಾಗಿದೆ. ಸಮೀಕ್ಷೆಯ ಕಥೆ ಬೇರೆ. ಬೆಳಿಗ್ಗೆ ಹತ್ತೂವರೆಗೆ ಕಚೇರಿಯಿಂದ ಹೊರಟು ಸಮೀಕ್ಷೆ ಮಾಡಿದರೆ ಆರು ಗಂಟೆಗೆ ಸೊಪ್ಪು ಮಾರಿ ಒಂಬತ್ತಕ್ಕೆ ಮನೆಗೆ ಹೋದವಳು ಹೇಗೆ ಸಿಗುತ್ತಾಳೆ?

ಅಂಥವರೊಬ್ಬರು ಆ ಜುಲೈಯಲ್ಲಿ ನನ್ನ ಮೇಜಿನ ಮುಂದೆ ಬಂದು ನಿಂತರು. ಅರವತ್ತರ ಆಸುಪಾಸು, ಮುಖಕ್ಕೆ ಸೆರಗನ್ನೇ ಮಾಸ್ಕ್ ಮಾಡಿಕೊಂಡಿದ್ದರು. ಸಮೀಕ್ಷೆಯ ಪಟ್ಟಿಯಲ್ಲಿ ಹೆಸರಿಲ್ಲ ಎಂದೆ. ಅವರು ಕೈಚೀಲದಿಂದ ಒಂದು ಹಾಲಿನ ಪ್ಲಾಸ್ಟಿಕ್ ಕವರನ್ನು ತೆಗೆದರು. ಅದರೊಳಗೆ ಹೂ ಕಟ್ಟುವ ಬಾಳೆನಾರಿನಿಂದ ಬಿಗಿದ ಚೀಟಿಗಳ ಕಟ್ಟುಗಳು. ನೆಲವಳಿ ಚೀಟಿಗಳು, ತಿಳಿ ಗುಲಾಬಿ, ಹಳದಿ, ಬಿಳಿ. ಹರಾಜುದಾರ ಬದಲಾದಂತೆ ಬಣ್ಣ ಬದಲಾಗಿತ್ತು. ತಳದಲ್ಲಿದ್ದವು ಒದ್ದೆಯಾಗಿ ಒಣಗಿ ಹಪ್ಪಳದಂತೆ ಗರಿಗರಿಯಾಗಿದ್ದವು. “ಸ್ವಾಮಿ, ದಿನಾ ನಿಮಗೇ ಕಟ್ಟಿದ್ದೇನಲ್ಲ, ಇದು ಸಾಲದೆ?” ಎಂದರು.

ಒಂದು ಚೀಟಿಯನ್ನು ಬಿಡಿಸಿ ನೋಡಿದೆ. ಮೇಲೆ ಪುರಸಭೆಯ ಹೆಸರು ಅಚ್ಚಾಗಿತ್ತು. ಕ್ರಮಸಂಖ್ಯೆ ಇತ್ತು, ದಿನಾಂಕದ ಮೊಹರು ಇತ್ತು, ಹತ್ತು ರೂಪಾಯಿ ಎಂದು ಇತ್ತು, ಹರಾಜುದಾರನ ಗೀಚು ಸಹಿ ಇತ್ತು. ಯಾರು ಕಟ್ಟಿದರು ಎಂದು ಬರೆಯಲು ಚೀಟಿಯಲ್ಲಿ ಜಾಗವೇ ಇರಲಿಲ್ಲ. ಈ ಕಟ್ಟು ನಿಮ್ಮದೇ ಎನ್ನುವುದಕ್ಕೆ ಏನಮ್ಮ ಗುರುತು ಎಂದು ಕೇಳಬೇಕಾದವನು ನಾನು. ಕೇಳಿದೆ ಕೂಡ, ಏಕೆಂದರೆ ಲೆಕ್ಕ ಪರಿಶೋಧಕರು ನನ್ನನ್ನು ಅದನ್ನೇ ಕೇಳುತ್ತಾರೆ. ಅವರು ನನ್ನನ್ನೇ ಒಂದು ಕ್ಷಣ ನೋಡಿ, “ಬೇರೆಯವರ ಚೀಟಿಯನ್ನು ಯಾರಾದರೂ ಇಷ್ಟು ವರ್ಷ ಕಾಪಾಡಿಕೊಳ್ಳುತ್ತಾರೆಯೇ?” ಎಂದರು.

ಕೊನೆಗೆ ಅವರಿಗೆ ಶಿಫಾರಸು ಪತ್ರ ಸಿಕ್ಕಿತು. ಸಮೀಕ್ಷೆಯಲ್ಲಿ ಬಿಟ್ಟುಹೋದವರಿಗೆ ಸ್ಥಳೀಯ ವಿಚಾರಣೆ ಮಾಡಿ ಪತ್ರ ಕೊಡಬಹುದು ಎಂದು ಯೋಜನೆಯಲ್ಲೇ ಅವಕಾಶವಿತ್ತು. ಎದುರಿನ ಹೋಟೆಲಿನವರನ್ನು, ಬಸ್ ನಿಲ್ದಾಣದ ಕಂಟ್ರೋಲರ್ ಅವರನ್ನು ಕೇಳಿ ಬರೆದುಕೊಂಡೆವು. ಅಂದರೆ ವರ್ಷಗಟ್ಟಲೆ ಅವರಿಂದ ಸುಂಕ ತೆಗೆದುಕೊಂಡ ಪುರಸಭೆಯ ಸ್ವಂತ ರಸೀದಿಗಿಂತ ಇಡ್ಲಿ ಹೋಟೆಲಿನವರ ಬಾಯಿಮಾತಿಗೆ ಹೆಚ್ಚು ಬೆಲೆ ಬಂತು. ಈ ಘಟನೆಯನ್ನು ಇಷ್ಟು ವಿವರವಾಗಿ ಹೇಳಲು ಕಾರಣ, ಇಲ್ಲಿ ಯಾರೂ ಲಂಚ ಕೇಳಲಿಲ್ಲ, ಯಾರೂ ಗದರಿಸಲಿಲ್ಲ. ಎಲ್ಲರೂ ನಿಯಮದ ಪ್ರಕಾರವೇ ನಡೆದುಕೊಂಡರು. ಚೀಟಿಯನ್ನು ಅಚ್ಚು ಹಾಕಿಸಿದವರು ಹೆಸರಿಗೊಂದು ಗೆರೆ ಬಿಟ್ಟಿರಲಿಲ್ಲ.

ಇದೇ ಕಥೆ ಬೇರೆ ಬೇರೆ ವೇಷದಲ್ಲಿ ಬರುತ್ತದೆ. ಕಟ್ಟಡ ಕಾರ್ಮಿಕರನ್ನು ನೋಡಿ. ಮನೆ ಅಥವಾ ವಾಣಿಜ್ಯ ಕಟ್ಟಡಕ್ಕೆ ನಕ್ಷೆ ಮಂಜೂರು ಮಾಡುವಾಗ ನಿರ್ಮಾಣ ವೆಚ್ಚದ ಶೇಕಡಾ 1ರಷ್ಟು ಕಾರ್ಮಿಕ ಉಪಕರವನ್ನು ಸ್ಥಳೀಯ ಸಂಸ್ಥೆಯೇ ಕಟ್ಟಿಸಿಕೊಳ್ಳುತ್ತದೆ, 10 ಲಕ್ಷ ರೂಪಾಯಿಯೊಳಗಿನ ಸ್ವಂತ ವಾಸದ ಮನೆಗೆ ವಿನಾಯಿತಿ ಇತ್ತು. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1996ರ ಕಾಯ್ದೆ ಅದು. ಹಣ ಕಾರ್ಮಿಕರ ಕಲ್ಯಾಣ ಮಂಡಳಿಗೆ ಹೋಗುತ್ತದೆ. ಮಂಡಳಿಯಲ್ಲಿ ನೋಂದಣಿಯಾಗಬೇಕಾದರೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ ದೃಢೀಕರಣ ಬೇಕು. ಲಾಕ್‌ಡೌನ್‌ನಲ್ಲಿ ರಾಜ್ಯ ಸರ್ಕಾರ ನೋಂದಾಯಿತ ಕಟ್ಟಡ ಕಾರ್ಮಿಕರಿಗೆ ಮೊದಲು 2,000, ಆಮೇಲೆ 3,000 ರೂಪಾಯಿ ಖಾತೆಗೆ ಹಾಕಿತು. ಒಳ್ಳೆಯ ಕೆಲಸ. ಆದರೆ ನಕ್ಷೆ ನಮ್ಮ ಬಳಿ ಇದೆ, ಉಪಕರ ನಮ್ಮ ಮೂಲಕವೇ ಹೋಗಿದೆ, ನಿವೇಶನ ಎಲ್ಲಿದೆ ಎಂದು ನಮ್ಮ ಇಂಜಿನಿಯರಿಗೆ ಗೊತ್ತು. ಆ ನಿವೇಶನದಲ್ಲಿ ತಗಡಿನ ಶೆಡ್ ಹಾಕಿಕೊಂಡಿರುವ ರಾಯಚೂರು, ಯಾದಗಿರಿ ಕಡೆಯ ಸಂಸಾರಗಳ ಹೆಸರು ಮಾತ್ರ ನಮ್ಮ ಯಾವ ಕಡತದಲ್ಲೂ ಇಲ್ಲ. ಸಿಮೆಂಟಿನ ಲೆಕ್ಕ ಕೇಳುವ ನಮೂನೆಯಲ್ಲಿ ಕೂಲಿಯವರ ಲೆಕ್ಕ ಕೇಳುವ ಕಾಲಂ ಇಲ್ಲ.

ಹೊರ ರಾಜ್ಯದವರ ಪಾಡು ಇನ್ನೂ ಕೆಟ್ಟದು. ಅವರಿಗೆ ಇಲ್ಲಿರಲು ನೆರವೂ ಇಲ್ಲ, ಹೋಗಲು ಅಪ್ಪಣೆಯೂ ಬೇಕು. ರಾಜ್ಯ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ನೋಂದಾಯಿಸಿ ಕಾಯಬೇಕಿತ್ತು. 2020ರ ಮೇ ಮೊದಲ ವಾರ ಶ್ರಮಿಕ ರೈಲುಗಳು ಹೊರಟವು, ಕಟ್ಟಡ ಉದ್ಯಮಿಗಳೊಡನೆ ಸಭೆ ನಡೆದ ಮೇಲೆ ಸರ್ಕಾರ ರೈಲುಗಳನ್ನು ಬೇಡವೆಂದಿತು, ಎಲ್ಲೆಡೆಯಿಂದ ಛೀಮಾರಿ ಬಿದ್ದ ಮೇಲೆ ಮತ್ತೆ ಬಿಟ್ಟಿತು. ಉಳಿದುಕೋ ಎನ್ನುವವರು ಉಣ್ಣಲು ಏನಿದೆ ಎಂದು ಕೇಳಲಿಲ್ಲ.

ಮೇ 6ರಂದು ಸರ್ಕಾರ 1,610 ಕೋಟಿ ರೂಪಾಯಿಯ ಪ್ಯಾಕೇಜ್ ಘೋಷಿಸಿತು. ಕ್ಷೌರಿಕರಿಗೆ, ಅಗಸರಿಗೆ, ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ. ಚಾಲಕನಿಗೆ ಲೈಸೆನ್ಸ್ ಇದೆ, ಅವನ ಗುರುತು ಸಾರಿಗೆ ಇಲಾಖೆಯ ಕಂಪ್ಯೂಟರಿನಲ್ಲಿದೆ. ಕ್ಷೌರಿಕನ ಗುರುತು ಎಲ್ಲಿದೆ? ಅಂಗಡಿಗೆ ಪರವಾನಗಿ ಇದ್ದರೆ ಅದು ಮಾಲೀಕನ ಹೆಸರಿನಲ್ಲಿದೆ. ಒಳಗೆ ಮೂರು ಕುರ್ಚಿ, ಮೂವರು ಕೆಲಸಗಾರರು, ದಿನದ ದುಡಿಮೆಯಲ್ಲಿ ಅರ್ಧ ಅವರಿಗೆ, ಅರ್ಧ ಕುರ್ಚಿಯ ಒಡೆಯನಿಗೆ. ಕೆಲಸಗಾರನ ಹೆಸರು ಎಲ್ಲೂ ಇಲ್ಲ. ಅಗಸರಂತೂ ರಸ್ತೆಬದಿಯ ಮರದಡಿ ಇಸ್ತ್ರಿ ಗಾಡಿ ಇಟ್ಟುಕೊಂಡವರು, ಪರವಾನಗಿ ಕೇಳಲು ಹೋದರೆ ಗಾಡಿಯನ್ನೇ ತೆಗೆಸುತ್ತಾರೆಂಬ ಭಯದಲ್ಲಿ ಆವರೆಗೆ ಕಚೇರಿಯ ಮೆಟ್ಟಿಲು ಹತ್ತದವರು. ಆಗ ಹತ್ತಿದರು, ವೃತ್ತಿಯ ದೃಢೀಕರಣಕ್ಕಾಗಿ. ಕೈಯನ್ನು ಮುಂದೆ ಚಾಚಿ, ಇಸ್ತ್ರಿ ಪೆಟ್ಟಿಗೆಯ ಹಿಡಿಯಿಂದ ಅಂಗೈಯಲ್ಲಿ ಎದ್ದ ಜಡ್ಡನ್ನು ತೋರಿಸಿದವರೂ ಇದ್ದರು. ಅಂಗೈಯನ್ನು ಸ್ಕ್ಯಾನ್ ಮಾಡಿ ಅಪ್‌ಲೋಡ್ ಮಾಡುವ ಕಾಲಂ ಸೇವಾ ಸಿಂಧುವಿನಲ್ಲಿ ಇರಲಿಲ್ಲ.

ದುಡ್ಡಿನ ವಿಚಾರ ಹೇಳದಿದ್ದರೆ ಇದೆಲ್ಲ ಅಳುವ ಕಥೆಯಾಗುತ್ತದೆ. ಪುರಸಭೆಗೆ ತನ್ನದೇ ಆದ ಕಲ್ಯಾಣ ನಿಧಿ ಇಲ್ಲವೇ? ಇದೆ. ಸ್ವಂತ ಸಂಪನ್ಮೂಲದಲ್ಲಿ ಶೇಕಡಾ 24.10ರಷ್ಟನ್ನು ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ, ಶೇಕಡಾ 7.25ರಷ್ಟನ್ನು ಇತರ ಬಡವರಿಗೆ, ಶೇಕಡಾ 5ರಷ್ಟನ್ನು ಅಂಗವಿಕಲರಿಗೆ ಮೀಸಲಿಡಬೇಕು. ಕೇಳಲು ಸೊಗಸಾಗಿದೆ. ಆದರೆ ಯಾವುದರ ಶೇಕಡಾವಾರು? ಆಸ್ತಿ ತೆರಿಗೆ, ಪರವಾನಗಿ ಶುಲ್ಕ, ಮಳಿಗೆಗಳ ಬಾಡಿಗೆ, ನೆಲವಳಿ, ನೀರಿನ ಕಂದಾಯ, ಇವುಗಳದು. ಊರಿಗೆ ಕಷ್ಟ ಬಂದ ವರ್ಷ ಮೊದಲು ನಿಲ್ಲುವುದು ಇವೇ. ಮಳಿಗೆಯವನು ಬಾಡಿಗೆ ಕಟ್ಟುವುದಿಲ್ಲ, ಹರಾಜುದಾರ ಸಂತೆಯೇ ನಡೆದಿಲ್ಲ, ಮೊತ್ತ ಬಿಡಿ ಎಂದು ಅರ್ಜಿ ಹಾಕುತ್ತಾನೆ. ಏಪ್ರಿಲ್‌ನಲ್ಲಿ ಕಟ್ಟಿದರೆ ಸಿಗುವ ಶೇಕಡಾ 5ರ ರಿಯಾಯಿತಿಯ ಆಸೆಗೆ ಬರುತ್ತಿದ್ದ ತೆರಿಗೆ, ಅವಧಿ ವಿಸ್ತರಣೆಯಾದಂತೆ ಮುಂದಕ್ಕೆ ಹೋಗುತ್ತದೆ. ಬಡವರ ಸಂಖ್ಯೆ ಏರಿದ ವರ್ಷವೇ ಬಡವರ ನಿಧಿ ಇಳಿಯುವಂತೆ ಲೆಕ್ಕವನ್ನು ಹೊಸೆದವರು ಯಾರೋ, ಅವರ ಗಣಿತಕ್ಕೆ ನಮಸ್ಕಾರ. ಹಿಂದೆ ಊರ ಬಾಗಿಲಲ್ಲಿ ಆಕ್ಟ್ರಾಯ್ ನಾಕಾಗಳಿದ್ದವು. ಸರಕು ಬಂದರೆ ಕಾಸು ಬರುತ್ತಿತ್ತು, ಕಾಳಿನ ಗಾಡಿ ಯಾವ ಕಾಲದಲ್ಲೂ ಬಂದೇ ಬರುತ್ತದೆ. ಕರ್ನಾಟಕ 1979ರಲ್ಲಿ ಅದನ್ನು ತೆಗೆಯಿತು. ನಾಕಾದ ಕಿರುಕುಳ ನೆನೆದರೆ ತೆಗೆದದ್ದು ಸರಿಯೇ. ಆಮೇಲೆ ಪುರಸಭೆಗಳು ಬೆಂಗಳೂರಿನ ವಿಧಾನಸೌಧದತ್ತ ಮುಖ ಮಾಡಿ ಅನುದಾನಕ್ಕೆ ಕಾಯುವುದನ್ನು ಕಲಿತವು.

ಇನ್ನೊಂದು ಗೊಂದಲವನ್ನು ಇಲ್ಲೇ ಹೇಳಿಬಿಡುತ್ತೇನೆ. ವೃದ್ಧಾಪ್ಯ ವೇತನ ನಾಡಕಚೇರಿಯದು, ಪಡಿತರ ಆಹಾರ ಇಲಾಖೆಯದು, ಕಾರ್ಮಿಕ ಕಾರ್ಡ್ ಕಾರ್ಮಿಕ ಇಲಾಖೆಯದು. ಪುರಸಭೆಯದಲ್ಲ. ಆದರೆ ಜನರ ಮನೆಗೆ ಹತ್ತಿರವಿರುವುದು ಪುರಸಭೆ. ಹೀಗಾಗಿ ಎಲ್ಲರ ಸಿಟ್ಟೂ ನಮ್ಮ ಕಿಟಕಿಗೇ ಬಂದು ಬಡಿಯುತ್ತದೆ.

ಚುನಾಯಿತರ ಮಾತಿಗೆ ಬರುತ್ತೇನೆ. ಕೌನ್ಸಿಲರುಗಳ ಬಗ್ಗೆ ನೌಕರರಾದ ನಾವು ಹೊಗಳಿ ಮಾತಾಡುವುದು ಅಪರೂಪ. ಆದರೂ ಒಂದು ಮಾತು ಒಪ್ಪಲೇಬೇಕು. ವಹಿಯಲ್ಲಿ ಇಲ್ಲದವರ ಹೆಸರು ವಾರ್ಡಿನ ಸದಸ್ಯನ ತಲೆಯಲ್ಲಿ ಇರುತ್ತದೆ. ಯಾವ ಓಣಿಯಲ್ಲಿ ಗಂಡನಿಲ್ಲದ ಹೆಂಗಸು ಇದ್ದಾಳೆ, ಯಾವ ಮನೆಯ ಮಗ ಹಾಸಿಗೆ ಹಿಡಿದಿದ್ದಾನೆ ಎಂದು ಅವನಿಗೆ ಗೊತ್ತು, ವೋಟಿನ ಲೆಕ್ಕಕ್ಕೆ ಗೊತ್ತಿದ್ದರೂ ಗೊತ್ತಿರುವುದು ಗೊತ್ತಿರುವುದೇ. 2018ರ ಆಗಸ್ಟ್ 31ರಂದು ರಾಜ್ಯದ ನೂರಕ್ಕೂ ಹೆಚ್ಚು ನಗರ ಸ್ಥಳೀಯ ಸಂಸ್ಥೆಗಳಿಗೆ ಚುನಾವಣೆ ನಡೆಯಿತು. ಅಧ್ಯಕ್ಷ, ಉಪಾಧ್ಯಕ್ಷರ ಮೀಸಲಾತಿ ಪಟ್ಟಿ ನ್ಯಾಯಾಲಯದ ಮೆಟ್ಟಿಲೇರಿದ್ದರಿಂದ ಗೆದ್ದವರು ಎರಡು ವರ್ಷ ಅಧಿಕಾರವಿಲ್ಲದೆ ಕುಳಿತರು. ಮೊದಲ ಲಾಕ್‌ಡೌನ್ ಕಳೆದದ್ದು ಹಾಗೆ, ಆಡಳಿತಾಧಿಕಾರಿಗಳ ಸಹಿಯಲ್ಲಿ. ಬೆಂಗಳೂರಿನಲ್ಲಿ ಇದು ತಿರುವುಮುರುವು. ಇಲ್ಲಿ ಮೊದಲ ಅಲೆಯಲ್ಲಿ 198 ವಾರ್ಡುಗಳಿಗೂ ಸದಸ್ಯರಿದ್ದರು, 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿಯಿತು, 2021ರ ಏಪ್ರಿಲ್, ಮೇ ತಿಂಗಳಲ್ಲಿ ಎರಡನೆಯ ಅಲೆ ಬಂದು ಚಿತಾಗಾರದ ಮುಂದೆ ಸಾಲು ನಿಂತಾಗ ಒಬ್ಬ ಕಾರ್ಪೊರೇಟರ್ ಕೂಡ ಇರಲಿಲ್ಲ.

ಬೆಂಗಳೂರು ಸಣ್ಣ ಊರುಗಳನ್ನು ನುಂಗಿಯೇ ಬೆಳೆದದ್ದು. 2007ರಲ್ಲಿ ಯಲಹಂಕ, ಕೃಷ್ಣರಾಜಪುರ, ಬೊಮ್ಮನಹಳ್ಳಿ ಮೊದಲಾದ ಏಳು ನಗರಸಭೆ, ಕೆಂಗೇರಿ ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬೃಹತ್ ಪಾಲಿಕೆ ಮಾಡಿದರು. ಕಂದಾಯ ನಿವೇಶನಗಳಲ್ಲಿ, ಅಂದರೆ ಬಡಾವಣೆಗೆ ಅನುಮೋದನೆಯಿಲ್ಲದೆ ಹೊಲಗದ್ದೆಗಳಲ್ಲಿ ಹಾಕಿದ ನಿವೇಶನಗಳಲ್ಲಿ, ಎದ್ದ ಲಕ್ಷಾಂತರ ಮನೆಗಳನ್ನು ಏನು ಮಾಡುವುದೆಂದು ತಿಳಿಯದೆ ಇನ್ನೊಂದು ವಹಿ ತೆರೆದರು, ಅದೇ ನಿಮಗೆಲ್ಲ ಗೊತ್ತಿರುವ ಬಿ ಖಾತಾ. ತೆರಿಗೆ ಕಟ್ಟಿ, ಆದರೆ ನಿಮ್ಮ ಮನೆಯನ್ನು ನಾವು ಒಪ್ಪಿಲ್ಲ. ಆಸ್ಪತ್ರೆಯ ಖರ್ಚಿಗೆ ಮನೆಯ ಮೇಲೆ ಸಾಲ ಕೇಳಲು ಹೋದವರಿಗೆ ಬ್ಯಾಂಕು ಆ ಕಾಗದವನ್ನು ಮೇಜಿನ ಮೇಲೆ ಹಿಂದಕ್ಕೆ ಸರಿಸುತ್ತದೆ. ಸೊಪ್ಪಿನಮ್ಮನ ಗುಲಾಬಿ ಚೀಟಿಗೂ ಮೂರಂತಸ್ತಿನ ಮನೆಯ ಬಿ ಖಾತೆಗೂ ಜಾತಿ ಒಂದೇ. ಎರಡರಲ್ಲೂ ಊರು ಕಾಸು ತೆಗೆದುಕೊಂಡಿದೆ, ಋಣ ಒಪ್ಪಿಲ್ಲ.

ಹಾಗಾದರೆ ಎಲ್ಲರನ್ನೂ ಬರೆದುಕೊಂಡರೆ ಮುಗಿಯಿತೇ? ಅಷ್ಟು ಸರಳವಿಲ್ಲ. ಪಟ್ಟಿಗೆ ಜನ ಹೆದರುತ್ತಾರೆ, ಹೆದರಲು ಕಾರಣವಿದೆ. ಪ್ಲೇಗಿನ ಕಾಲದಲ್ಲಿ ಜನ ರೋಗಿಗಳನ್ನು ಅಟ್ಟದಲ್ಲಿ ಬಚ್ಚಿಟ್ಟರು, ಏಕೆಂದರೆ ಹೆಸರು ಬರೆಸಿದರೆ ಶಿಬಿರ. ತಳ್ಳುಗಾಡಿಯವನು ಸಮೀಕ್ಷೆಯವರನ್ನು ಕಂಡು ಗಾಡಿಯನ್ನು ತಳ್ಳಿಕೊಂಡು ಓಡುತ್ತಾನೆ, ಏಕೆಂದರೆ ಹಿಂದಿನ ಸಲ ಹೆಸರು ಬರೆದುಕೊಂಡವರ ಹಿಂದೆಯೇ ಲಾರಿ ಬಂದಿತ್ತು. ಹೆಸರು ಬರೆದರೆ ಏನೋ ಒಂದು ಸಿಗುತ್ತದೆ ಎಂಬುದನ್ನು ಒಳ್ಳೆಯ ಕಾಲದಲ್ಲೇ ತೋರಿಸಿಕೊಟ್ಟಿರಬೇಕು. ನೆಲವಳಿ ಹರಾಜಿನ ಷರತ್ತಿನಲ್ಲಿ ಒಂದು ಸಾಲು ಸೇರಿಸಲು ಯಾವ ಹೊಸ ಕಾಯ್ದೆಯೂ ಬೇಕಿಲ್ಲ: ಚೀಟಿಯಲ್ಲಿ ಕಟ್ಟಿದವರ ಹೆಸರು, ಜಾಗ, ತಿಂಗಳ ಕೊನೆಗೆ ಪಟ್ಟಿಯ ಪ್ರತಿ ಕಚೇರಿಗೆ. ಇಷ್ಟು ಚೀಟಿ ಇದ್ದವರಿಗೆ ಸಮೀಕ್ಷೆಯ ಹಂಗಿಲ್ಲದೆ ಪ್ರಮಾಣಪತ್ರ ಎಂದು ಸಮಿತಿ ನಿರ್ಣಯ ಮಾಡಲಿ. ನಕ್ಷೆ ಮಂಜೂರಾತಿಗೆ ಬರುವವರಿಂದ ಕೆಲಸ ಶುರುವಾದಾಗ ಕೂಲಿಗಳ ಪಟ್ಟಿ ಕೇಳಲಿ, 90 ದಿನದ ದೃಢೀಕರಣ ತಾನಾಗಿಯೇ ಹುಟ್ಟುತ್ತದೆ. ಆಪತ್ತು ಘೋಷಣೆಯಾದ ದಿನವೇ ಎಲ್ಲ ಸಣ್ಣ ಪರವಾನಗಿಗಳ ಅವಧಿ ಮುಂದಕ್ಕೆ ಹೋಗುವಂತೆ ಬೈಲಾದಲ್ಲಿ ಬರೆದಿಡಲಿ, ಆ ಹೊತ್ತಿಗೆ ಸುತ್ತೋಲೆಗಾಗಿ ಕಾಯುವಂತಾಗಬಾರದು. ಕರ ವಸೂಲಿಗಾರ, ನೀರು ಬಿಡುವವನು, ಪೌರಕಾರ್ಮಿಕ ಹೆಣ್ಣುಮಕ್ಕಳು, ಈ ಮೂವರಿಗೆ ತಿಳಿದಿರುವಷ್ಟು ಊರು ಯಾವ ತಂತ್ರಾಂಶಕ್ಕೂ ತಿಳಿದಿಲ್ಲ. ವರ್ಷಕ್ಕೊಮ್ಮೆಯಾದರೂ ಅವರನ್ನು ಕೂರಿಸಿಕೊಂಡು ಪಟ್ಟಿಯನ್ನು ಓದಿ ಹೇಳಿ, ಯಾರು ಬಿಟ್ಟುಹೋಗಿದ್ದಾರೆ ಎಂದು ಕೇಳಬೇಕು. ಅವರನ್ನು ನಾವು ಸಭೆಗೆ ಕರೆಯುವುದೇ ಇಲ್ಲ, ಕರೆದರೂ ಬಾಗಿಲ ಬಳಿ ನಿಲ್ಲಿಸುತ್ತೇವೆ.

ಇನ್ನು ಪ್ರಶ್ನೆಗಳು. ಹಿರಿಯರೊಬ್ಬರು, ಆಧಾರ್ ಇರುವಾಗ ಈ ಹಳೆಯ ವಹಿಗಳ ಗೊಡವೆ ಯಾಕೆ ಎಂದು ಕೇಳಿದರು. ಆಧಾರ್ ನಾನು ಯಾರು ಎಂದು ಹೇಳುತ್ತದೆ, ಸ್ವಾಮಿ. ನಾನು ಈ ಊರಿನ ಬಸ್ ನಿಲ್ದಾಣದೆದುರು ಸೊಪ್ಪು ಮಾರುತ್ತೇನೆ, ಇಪ್ಪತ್ತು ದಿನದಿಂದ ಮಾರಿಲ್ಲ ಎಂದು ಹೇಳುವುದಿಲ್ಲ. ನೆರವಿಗೆ ಬೇಕಾದದ್ದು ಎರಡನೆಯ ಮಾಹಿತಿ. ಅದು ಊರಿನಲ್ಲೇ ಹುಟ್ಟಬೇಕು.

ಕಾನೂನು ಓದುತ್ತಿರುವ ಹುಡುಗಿಯೊಬ್ಬಳು, ಬೆಂಗಳೂರು ಈಗ ಐದು ಪಾಲಿಕೆಗಳಾಗಿದೆಯಲ್ಲ, ನಮ್ಮಂಥವರು ಮೊದಲು ಏನು ಮಾಡಬೇಕು ಎಂದಳು. 2025ರ ಸೆಪ್ಟೆಂಬರ್‌ನಲ್ಲಿ ಐದಾದವು, ಫಲಕಗಳು ಬದಲಾದವು. ನಿನ್ನ ಮನೆ ಯಾವ ಪಾಲಿಕೆಗೆ ಬರುತ್ತದೋ ಅಲ್ಲಿಗೆ ಒಂದು ಮಾಹಿತಿ ಹಕ್ಕು ಅರ್ಜಿ ಹಾಕಮ್ಮ ಎಂದೆ. ನಿನ್ನ ವಾರ್ಡಿನಲ್ಲಿ ಬೀದಿಬದಿ ವ್ಯಾಪಾರಿಗಳ ಸಮೀಕ್ಷೆ ಕೊನೆಯದಾಗಿ ನಡೆದದ್ದು ಯಾವಾಗ, ಎಷ್ಟು ಜನರ ಹೆಸರಿದೆ, ಎಷ್ಟು ಪ್ರಮಾಣಪತ್ರ ಕೊಟ್ಟಿದ್ದಾರೆ, ಇಷ್ಟೇ ಕೇಳು. ಬೆಳಿಗ್ಗೆ ಆರಕ್ಕೆ ಎದ್ದು ನಿನ್ನ ಬೀದಿಯಲ್ಲಿ ಎಷ್ಟು ಗಾಡಿಗಳಿವೆ ಎಂದು ನೀನೇ ಎಣಿಸಿಕೊಂಡಿರು, ಉತ್ತರ ಬಂದ ಮೇಲೆ ಹೋಲಿಸಿ ನೋಡಲು. ಶುಲ್ಕ ಹತ್ತು ರೂಪಾಯಿ. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, 150 ಪದ ಮೀರಬಾರದು, ಅದನ್ನು ಮರೆತರೆ ಹಿಂದಕ್ಕೆ ಕಳಿಸುತ್ತಾರೆ. ಅವಳು ಅದನ್ನು ಬರೆದುಕೊಂಡಳು.